ಮದ್ದೂರಿನ ಬೇಲಿಯಲ್ಲಿ ಕಡಲ ಬೀಜಗಳು

ಮಂಡ್ಯ ಜಿಲ್ಲೆಯವರಿಗೆ ಸಮುದ್ರ ಅಂದರೆ ಶಾಲಾ ಪ್ರವಾಸ. ಧರ್ಮಸ್ಥಳ, ಉಡುಪಿ ಮುಗಿಸಿಕೊಂಡು ಸಂಜೆ ಹೊತ್ತಿಗೆ ಮಲ್ಪೆ. ಪ್ಯಾಂಟು ಮಡಿಚಿಕೊಂಡು ಮೊಣಕಾಲು ಮಟ್ಟ ಇಳಿದು ಬಂದರೆ ಮುಗಿಯಿತು. ನಮ್ಮದು ನಾಲೆ, ಕೆರೆ, ಹೊಳೆಯ ಸೀಮೆ. ಉಪ್ಪು ನೀರು ಕಾಣಬೇಕಾದರೆ ಘಟ್ಟ ಇಳಿಯಬೇಕು. ಹಾಗಿದ್ದೂ ನಮ್ಮ ಹೊಲದ ಬೇಲಿ, ಗದ್ದೆಯ ಬದು, ಹಿತ್ತಲುಗಳಲ್ಲಿ ಬೆಳೆದು ನಿಂತಿರುವುದರಲ್ಲಿ ನಾಲ್ಕಾರು ಗಿಡಮರಗಳು ಕಡಲ ದಾರಿ ಬಲ್ಲವು ಅಂದರೆ ಯಾರೂ ನಂಬುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವಾಗ ಮಕ್ಕಳು ನಂಬುತ್ತಿರಲಿಲ್ಲ. ಅದೇ ಮಕ್ಕಳು ಬೆಳೆದು ಈಗ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಸಿಗುತ್ತಾರೆ, ಈಗಲೂ ನಂಬುವುದಿಲ್ಲ.

ಗಜ್ಜುಗದಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಹಳೆಯ ಬೇಲಿಗಳಲ್ಲಿ ಕತ್ತಾಳೆ, ಕಳ್ಳಿಯ ಜೊತೆ ಹಬ್ಬಿಕೊಂಡಿರುತ್ತಿದ್ದ ಮುಳ್ಳಿನ ಪೊದೆ ಅದು. ಕೊಂಬೆಗೆ ಮುಳ್ಳು, ಎಲೆಯ ದಂಟಿಗೂ ಕೊಕ್ಕೆ ಮುಳ್ಳು, ಸಾಲದು ಅಂತ ಕಾಯಿಯ ಮೈಗೂ ಮುಳ್ಳು. ಅಂಗಿ ಸಿಕ್ಕಿಹಾಕಿಕೊಂಡರೆ ಮುಂದಕ್ಕೂ ಬಿಡುವುದಿಲ್ಲ, ಹಿಂದಕ್ಕೂ ಬಿಡುವುದಿಲ್ಲ. ಆ ಕಾಯಿ ಒಣಗಿ ಬಾಯಿ ಬಿಟ್ಟಾಗ ಒಳಗೆ ಸಾಮಾನ್ಯವಾಗಿ ಎರಡು ಬೀಜ. ಸೀಸದ ಬಣ್ಣ, ಗೋಲಿಯಷ್ಟು ಗಾತ್ರ, ನುಣ್ಣನೆ ಹೊಳಪು. ಹತ್ತಿರ ಹಿಡಿದು ನೋಡಿದರೆ ಸುತ್ತಲೂ ಕೂದಲೆಳೆಯಂಥ ಸಣ್ಣ ಸಣ್ಣ ಗೆರೆಗಳು. ನಮ್ಮವ್ವನ ಅಳಗುಳಿ ಮಣೆಯಲ್ಲಿ ಆಚೆ ಏಳು, ಈಚೆ ಏಳು ಗುಳಿಗಳಿಗೆ ತುಂಬುತ್ತಿದ್ದದ್ದು ಹುಣಸೆ ಬೀಜ. ಗಜ್ಜುಗ ಸಿಕ್ಕಿದ ವರ್ಷ ಗಜ್ಜುಗ. ಹುಡುಗರ ಕೈಗೆ ಬಂದರೆ ಕಲ್ಲಿಗೆ ಗಸಗಸ ಉಜ್ಜಿ, ಕಾದ ಬೀಜವನ್ನು ಪಕ್ಕದವನ ತೋಳಿಗೆ ಮುಟ್ಟಿಸಿ ಓಡುವುದು. ಜ್ವರ ಬಂದವರಿಗೆ ಅದರ ತಿರುಳನ್ನು ಮೆಣಸಿನ ಜೊತೆ ಅರೆದು ಕೊಡುತ್ತಿದ್ದರು. ಕಹಿ ಅಂದರೆ ಅಂಥ ಕಹಿ, ಜ್ವರವೇ ವಾಸಿ ಅನ್ನಿಸಬೇಕು. ಈ ನಾಟಿ ಔಷಧಿಯನ್ನು ಬ್ರಿಟಿಷರೂ 1868ರ ತಮ್ಮ ಭಾರತೀಯ ಔಷಧಕೋಶಕ್ಕೆ ಸೇರಿಸಿಕೊಂಡಿದ್ದರು.

ಈ ಬೀಜವನ್ನು ಒಡೆಯಲು ಅಡಕತ್ತರಿ ಸಾಲದು, ಸುತ್ತಿಗೆ ಬೇಕು. ಒಡೆದರೆ ಒಳಗೆ ಕೆನೆ ಬಣ್ಣದ ಎರಡು ಬೇಳೆ, ಅವುಗಳ ನಡುವೆ ಒಂದು ಸಣ್ಣ ಪೊಳ್ಳು ಜಾಗ. ಗಜ್ಜುಗದ ಕಥೆಯೆಲ್ಲ ಇರುವುದು ಆ ಪೊಳ್ಳಿನಲ್ಲಿ. ಹೊರಗಿನ ಸಿಪ್ಪೆ ಎಷ್ಟು ಗಟ್ಟಿ ಅಂದರೆ ನೀರು ಒಳಗೆ ಹೋಗುವುದಿಲ್ಲ; ಒಳಗಿನ ಗಾಳಿ ಬೀಜವನ್ನು ಮುಳುಗಗೊಡುವುದಿಲ್ಲ. ಕಡಲಿಗೆ ಬಿದ್ದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೇಲಿಕೊಂಡಿರುತ್ತದೆ. ಹೀಗಾಗಿ ಈ ಒಂದೇ ಜಾತಿ ಭಾರತ, ಆಫ್ರಿಕಾ, ಪೆಸಿಫಿಕ್ ದ್ವೀಪಗಳು, ಕೆರಿಬಿಯನ್ ಎನ್ನದೆ ಬಿಸಿಲು ಸೀಮೆಯ ತೀರಗಳಲ್ಲೆಲ್ಲ ಬೆಳೆದಿದೆ.

ಬೆಳೆಯಲಾಗದ ಕಡೆಗೂ ಹೋಗಿ ಬಿದ್ದಿದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ದಡಕ್ಕೆ ಯಾವ ಮರದ್ದೆಂದು ಗೊತ್ತಿಲ್ಲದ ಬೀಜಗಳು ಬಂದು ಬೀಳುತ್ತಿದ್ದವು. 1696ರಲ್ಲಿ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ ಗಜ್ಜುಗವೂ ಸೇರಿ ಅಂಥ ನಾಲ್ಕು ಬಗೆಯ ಬೀಜಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಅವನು ಅದಕ್ಕೆ ಮೊದಲು ಜಮೈಕಾದಲ್ಲಿ ಇದ್ದು ಬಂದಿದ್ದವನು. ಇವುಗಳಲ್ಲಿ ಮೂರು ಬಗೆ ಅಲ್ಲಿನ ಗಿಡಗಳ ಬೀಜ ಎಂದು ಗುರುತು ಹಿಡಿದ. ಅಟ್ಲಾಂಟಿಕ್ ದಾಟಿ ಬಂದವೆಂದ ಮೇಲೆ ದಾರಿ ಯಾವುದು? ಕೆರಿಬಿಯನ್ ಕಡೆಯಿಂದ ಉತ್ತರ ಯೂರೋಪಿನತ್ತ ಹರಿಯುವ ಬೆಚ್ಚನೆಯ ನೀರಿನ ಪ್ರವಾಹ. ಇಂದು ಗಲ್ಫ್ ಸ್ಟ್ರೀಮ್ ಎಂದು ಶಾಲೆಯ ಭೂಪಟದಲ್ಲಿ ಕೆಂಪು ಬಾಣ ಹಾಕಿ ತೋರಿಸುತ್ತೇವಲ್ಲ, ಅದೇ. ಸ್ಲೋನ್ ಕೂಡಿಟ್ಟ ವಸ್ತುಗಳಿಂದಲೇ ಮುಂದೆ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹುಟ್ಟಿತು.

ಅಲ್ಲಿನ ಹಳ್ಳಿಯವರಿಗೆ ಜಮೈಕಾ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 1703ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಬಗ್ಗೆ ಪುಸ್ತಕ ಬರೆದ ಮಾರ್ಟಿನ್ ಮಾರ್ಟಿನ್, ಈ ಬೀಜಗಳನ್ನು ಮಾಟ, ಕಣ್ಣು ತಾಕದಿರಲಿ ಅಂತ ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರು ಎನ್ನುತ್ತಾನೆ. ಕೆಡುಕು ಬಂದರೆ ಬಿಳಿ ಬೀಜ ಕಪ್ಪಾಗುತ್ತದೆ ಎಂದು ನಂಬಿಕೆಯಂತೆ. ನಮ್ಮವರು ದೃಷ್ಟಿಬೊಟ್ಟು ಇಡುವುದನ್ನು ನೋಡಿ ನಗುವವರು ಇದನ್ನೂ ಓದಬೇಕು.

ಒಂದು ಮಾತು ಸ್ಪಷ್ಟ ಮಾಡಿಬಿಡಬೇಕು. ಆ ದಡಕ್ಕೆ ಹೋದದ್ದು ಮದ್ದೂರಿನ ಗಜ್ಜುಗವಲ್ಲ. ಅದೇ ಜಾತಿಯ ಕೆರಿಬಿಯನ್ ಗಜ್ಜುಗ. ಇನ್ನೊಂದು: ಹೋಗಿ ಬಿದ್ದದ್ದು ಬರೀ ಹೆಣವೂ ಅಲ್ಲ. ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಸಿಕ್ಕಿದ ಗಜ್ಜುಗದಿಂದ ಗಿಡ ಎಬ್ಬಿಸಿದ್ದನ್ನು 1818ರಲ್ಲಿ ರಾಬರ್ಟ್ ಬ್ರೌನ್ ದಾಖಲಿಸಿದ್ದಾನೆ. ಭೌತಶಾಸ್ತ್ರದಲ್ಲಿ ಬ್ರೌನಿಯನ್ ಚಲನೆ ಓದುತ್ತೇವಲ್ಲ, ಆ ಬ್ರೌನ್‌ನೇ. ಅಂದರೆ ಬೀಜ ಸಾವಿರಾರು ಮೈಲಿ ಉಪ್ಪು ನೀರಿನಲ್ಲಿ ಬಂದೂ ಜೀವ ಹಿಡಿದುಕೊಂಡಿತ್ತು. ಹಾಗಿದ್ದರೂ ಐರ್ಲೆಂಡಿನ ಬೇಲಿಗಳಲ್ಲಿ ಇವತ್ತಿಗೂ ಗಜ್ಜುಗದ ಪೊದೆ ಇಲ್ಲ. ಅಲ್ಲಿನ ಚಳಿ ಬಿಡುವುದಿಲ್ಲ. ತೇಲುವುದು ಒಂದು, ತಲುಪುವುದು ಒಂದು, ಬೇರು ಬಿಡುವುದು ಮತ್ತೊಂದು. ಕಡಲ ಬೀಜಗಳ ವಿಚಾರದಲ್ಲಿ ಜನ ಮರೆಯುವುದು ಈ ಮೂರನೆಯದನ್ನು.

ಇದನ್ನು ಮನೆಯಲ್ಲೇ ಬಾಟಲಿ ಇಟ್ಟುಕೊಂಡು ಪರೀಕ್ಷೆ ಮಾಡಿ ನೋಡಿದವನು ಚಾರ್ಲ್ಸ್ ಡಾರ್ವಿನ್. ದೂರದ ದ್ವೀಪಗಳಿಗೆ ಗಿಡಗಳು ಹೋದದ್ದು ಹೇಗೆ ಎಂಬ ಪ್ರಶ್ನೆ ಅವನಿಗೆ ಜೀವನ್ಮರಣದ್ದು. ಉತ್ತರ ಸಿಗದಿದ್ದರೆ ಅವನ ವಿಕಾಸವಾದಕ್ಕೇ ತೊಡಕು. ಅವನ ಗೆಳೆಯ, ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್, ಉಪ್ಪು ನೀರಿನಲ್ಲಿ ಬೀಜ ಬೇಗ ಸಾಯುತ್ತದೆ ಎಂಬ ಕಡೆಯವನು. 1855ರಲ್ಲಿ ಡಾರ್ವಿನ್ ಉಪ್ಪು ನೀರಿಗೆ ಬೀಜ ಹಾಕಿಟ್ಟು, ತೆಗೆದು, ಬಿತ್ತಿ ನೋಡತೊಡಗಿದ. ಅಪ್ಪ ಹೂಕರ್ ಮಾಮನನ್ನು ಸೋಲಿಸುತ್ತಾನೋ ಇಲ್ಲವೋ ಅಂತ ಮನೆಯ ಮಕ್ಕಳಿಗೆ ಕುತೂಹಲ, ಮತ್ತೆ ಮತ್ತೆ ಬಂದು ಕೇಳುತ್ತಿದ್ದರಂತೆ. 87 ಬಗೆಯ ಬೀಜಗಳಲ್ಲಿ 64 ಬಗೆ 28 ದಿನ ನೆನೆದ ಮೇಲೂ ಮೊಳೆತವು. ಕೆಲವು 137 ದಿನ ತಡೆದವು. ಅಪ್ಪ ಗೆದ್ದ. ಆಮೇಲೆ ಹೊಳೆಯಿತು: ಇವುಗಳಲ್ಲಿ ಬಹಳಷ್ಟು ಬೀಜ ಮುಳುಗುತ್ತವಲ್ಲ! ಮುಳುಗುವ ಬೀಜ ಬದುಕಿದ್ದು ಏನು ಬಂತು? ಬಿಡಲಿಲ್ಲ ಆಸಾಮಿ. ಕಾಯಿ ಸಮೇತ ಕೊಂಬೆಗಳನ್ನು ಒಣಗಿಸಿ ತೇಲಿಬಿಟ್ಟ. ಹಸಿಯಾಗಿದ್ದಾಗ ಬೇಗ ಮುಳುಗುತ್ತಿದ್ದವುಗಳಲ್ಲಿ ಕೆಲವು ಒಣಗಿದ ಮೇಲೆ ವಾರಗಟ್ಟಲೆ ತೇಲಿದವು. ಈ ಲೆಕ್ಕಾಚಾರವೆಲ್ಲ 1859ರ ಅವನ ‘ಜೀವಿಗಳ ಉಗಮ’ ಪುಸ್ತಕದಲ್ಲಿದೆ.

ತರಗತಿಯಲ್ಲಿ ನಾವೂ ಮಾಡುತ್ತಿದ್ದೆವು. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು. ಅದಕ್ಕೆ ಅವರೆಕಾಳು ಹಾಕಿದರೆ ತಳಕ್ಕೆ, ಹುಣಸೆ ಬೀಜ ತಳಕ್ಕೆ, ಹೊಂಗೆ ಕಾಯಿ ಮೇಲಕ್ಕೆ. ಗಜ್ಜುಗದಲ್ಲಿ ಮಾತ್ರ ಒಳಜಗಳ: ಒಂದೇ ಬೇಲಿಯಿಂದ ಆರಿಸಿ ತಂದದ್ದರಲ್ಲಿ ಕೆಲವು ತೇಲುತ್ತವೆ, ಕೆಲವು ಮುಳುಗುತ್ತವೆ. ಒಳಗಿನ ಪೊಳ್ಳು ದೊಡ್ಡದಿದ್ದರೆ ಪ್ರಯಾಣ, ಚಿಕ್ಕದಿದ್ದರೆ ಊರಲ್ಲೇ ವಾಸ.

ಹೊಂಗೆಯ ಮಾತು ಬಂತು. ಗದ್ದೆ ಬದುವಿನ ಮರ ಎಂದೇ ನಮಗೆ ಅದರ ಪರಿಚಯ. ನಾಟಿಗೆ ಮುಂಚೆ ಸೊಪ್ಪು ಕಡಿದು ಗದ್ದೆಗೆ ತುಳಿಯುವುದು, ಬೀಜದ ಎಣ್ಣೆಯಲ್ಲಿ ದೀಪ ಹಚ್ಚುವುದು, ಯುಗಾದಿ ಆಸುಪಾಸಿನಲ್ಲಿ ಚಿಗುರಿದಾಗ ಅದರ ನೆರಳಿನಲ್ಲಿ ಎತ್ತು ಕಟ್ಟುವುದು. ಆದರೆ ಭೂಪಟದಲ್ಲಿ ಅದರ ನೆಲೆ ಹುಡುಕಿದರೆ ಭಾರತದ ತೀರದಿಂದ ಹಿಡಿದು ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾ, ಪೆಸಿಫಿಕ್ಕಿನ ಫಿಜಿವರೆಗೆ ಕಡಲಂಚಿನಲ್ಲೇ ನಿಂತಿದೆ. ಅದರ ಕಾಯಿ ತೊಗರಿಯಂತೆ ಸಿಡಿದು ಬೀಜ ಚೆಲ್ಲುವುದಿಲ್ಲ. ದಪ್ಪ ಸಿಪ್ಪೆಯೊಳಗೆ ಒಂದು ಬೀಜ ಇಟ್ಟುಕೊಂಡು ಹಾಗೆಯೇ ಉದುರುತ್ತದೆ, ಹಾಗೆಯೇ ತೇಲುತ್ತದೆ. ಊರ ಮುಂದೆ ಇರುವ ಹೂವರಸಿಯದೂ ಇದೇ ಜಾತಕ. ಆ ಮರದ ಕಾಯಿಗೆ ಕಡ್ಡಿ ಚುಚ್ಚಿ ಬುಗುರಿ ಆಡಿದವರು ನಾವು. ಅದು ಪೆಸಿಫಿಕ್ ದ್ವೀಪಗಳ ಮರಳಿನಲ್ಲೂ ಕಡಲ ನೀರು ತಂದು ಹಾಕಿದ ಮರವಾಗಿ ನಿಂತಿದೆ.

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಮುತ್ತತ್ತಿಗೆ ಹೋಗಿ ನೋಡಿ. ಆಂಜನೇಯನಿಗೆ ಕೈಮುಗಿದು ದಡಕ್ಕೆ ಬಂದರೆ, ಕಾವೇರಿ ಎಲ್ಲಿಯವರೆಗೆ ಏರಿತ್ತು ಅನ್ನುವುದಕ್ಕೆ ಕಸದ ಒಂದು ಗೆರೆ ಸಾಕ್ಷಿ ಹೇಳುತ್ತದೆ. ಆ ಗೆರೆಯನ್ನು ಕೋಲಿನಿಂದ ಕೆದಕಿದರೆ ಹೊಂಗೆ ಕಾಯಿ, ಐದು ರೆಕ್ಕೆಯ ಹೊಳೆಮತ್ತಿ ಕಾಯಿ, ಒಡಕು ತೆಂಗಿನ ಚಿಪ್ಪು, ಬಿದಿರಿನ ತುಂಡು. ಜೊತೆಗೆ ಒಂಟಿ ಹವಾಯಿ ಚಪ್ಪಲಿ, ನೀರಿನ ಬಾಟಲಿ, ಥರ್ಮೋಕೋಲು, ಗುಟ್ಕಾ ಚೀಟಿ. ಶಿಂಷೆ ಮದ್ದೂರಿನ ಕೆಳಗೆ ಹರಿದು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಗೆ ಸೇರುತ್ತದೆ. ಹಾಗಾಗಿ ಕೊಕ್ಕರೆ ಬೆಳ್ಳೂರಿನ ಹೊಳೆದಂಡೆಯ ಹೊಂಗೆ ಕಾಯಿಯೂ ಈ ಗೆರೆಯಲ್ಲಿ ಇದ್ದೀತು. ಮುಂದೆ ಮೇಕೆದಾಟು, ಹೊಗೆನಕಲ್. ಒಂದು ಕಾಲದಲ್ಲಿ ಅಲ್ಲಿಂದಲೂ ಮುಂದಕ್ಕೆ, ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯವರೆಗೆ ದಾರಿ ತೆರೆದಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ನಮ್ಮ ಜಿಲ್ಲೆಯ ಕಾಯಿಗೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಕಾವೇರಿ ನೀರಿನ ಹಂಚಿಕೆಯ ಬಗ್ಗೆ ಇಷ್ಟೊಂದು ಮಾತಾಡುವ ನಾವು, ನೀರಿನ ಜೊತೆ ಹೋಗುತ್ತಿದ್ದ ಬೀಜದ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ. ಆಡಿದರೆ ಅದಕ್ಕೂ ಒಂದು ನ್ಯಾಯಮಂಡಳಿ ಬೇಕಾಗುತ್ತಿತ್ತೇನೋ.

ಇನ್ನು ತೆಂಗು. ಮದ್ದೂರಿನವನಾಗಿ ತೆಂಗಿನ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಹೆದ್ದಾರಿ ಪಕ್ಕದ ನಮ್ಮ ಎಳನೀರು ಮಾರುಕಟ್ಟೆ ಏಷ್ಯಾಕ್ಕೇ ದೊಡ್ಡದು ಅಂತ ನಮ್ಮವರು ಹೇಳಿಕೊಳ್ಳುತ್ತಾರೆ. ಬೆಳಗ್ಗೆ ಹೋದರೆ ಹಸಿರು ಗುಡ್ಡೆಗಳು, ಎಣಿಸುವವರ ಕೂಗು, ಮುಂಬೈ, ದೆಹಲಿ, ಹೈದರಾಬಾದಿಗೆ ಹೊರಡುವ ಲಾರಿಗಳು. ಅಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ವ್ಯಾಪಾರ ಮಾಡುತ್ತಾನೆ. ತೆಂಗಿನ ಕಾಯಿ ಸಮುದ್ರದಲ್ಲಿ ನೂರು ದಿನ ತೇಲಿಯೂ ಮೊಳೆಯುತ್ತದಂತೆ ಕಣಯ್ಯ ಅಂದೆ. ‘ಬಾವೀಗ್ ಬಿದ್ ಕಾಯಿ ತೇಲ್ತದೆ ಅಂತ ತಿಳ್ಕಳಕ್ಕೆ ಪುಸ್ತಕ ಯಾಕ್ ಸಾ’ ಅಂದ. ಸರಿಯೇ. ಆದರೆ ತೇಲುವುದಕ್ಕೆ ಕಾರಣ ಏನು ಅಂತ ಕೇಳಿದರೆ, ಅವನು ದಿನಾ ಕೆತ್ತಿ ಎಸೆಯುವ ಮಟ್ಟೆಯೇ ಕಾರಣ. ಬಲಿತು ಒಣಗಿದ ಕಾಯಿಯ ಮಟ್ಟೆಯೊಳಗೆ ನಾರು, ನಾರಿನ ನಡುವೆ ಗಾಳಿ. ಹೊರಗೆ ನೀರು ಇಳಿಯದ ನುಣುಪು ಚರ್ಮ. ಒಳಗೆ ಚಿಪ್ಪು, ಚಿಪ್ಪಿನ ಮೂರು ಕಣ್ಣುಗಳಲ್ಲಿ ಒಂದರ ಹಿಂದೆ ಮೊಳಕೆ. ಬರಡು ಮರಳಿನ ಮೇಲೆ ಬಿದ್ದರೂ ಬೇರು ಬಿಟ್ಟುಕೊಳ್ಳುವ ತನಕ ಬೇಕಾದ ಬುತ್ತಿ ಕೊಬ್ಬರಿಯಲ್ಲಿದೆ, ನೀರೂ ಜೊತೆಗಿದೆ. ಇಷ್ಟು ಸಿದ್ಧತೆ ಮಾಡಿಕೊಂಡು ಹೊರಡುವ ಬೀಜ ಇನ್ನೊಂದಿಲ್ಲ.

ನೂರು ದಿನದ ಮಾತು ಸುಮ್ಮನೆ ಹೇಳಿದ್ದಲ್ಲ. ಹವಾಯಿಯಲ್ಲಿ ಚಾರ್ಲ್ಸ್ ಎಡ್ಮಂಡ್ಸನ್ ಎಂಬಾತ ಕಾಯಿಗಳನ್ನು ಕಡಲ ನೀರಿನಲ್ಲಿ ತೇಲಿಬಿಟ್ಟು, 110 ದಿನ ತೇಲಿದ ಕಾಯಿಯೂ ಮೊಳೆಯುತ್ತದೆ ಎಂದು 1941ರಲ್ಲಿ ಪ್ರಕಟಿಸಿದ. ಆದರೆ 1947ರಲ್ಲಿ ಥಾರ್ ಹೆಯರ್ಡಾಲ್ ಕಾನ್-ಟಿಕಿ ಎಂಬ ದಿಮ್ಮಿಗಳ ತೆಪ್ಪದಲ್ಲಿ ಪೆರುವಿನಿಂದ ಪಾಲಿನೇಷ್ಯಾಕ್ಕೆ 101 ದಿನ ಹೋದಾಗ ಬೇರೆಯೇ ಕಂಡಿತು. ತೆಪ್ಪದ ಮೇಲೆ ಇಟ್ಟ ಕಾಯಿ ಚೆನ್ನಾಗಿದ್ದವು, ಕೆಳಗೆ ಸಮುದ್ರದ ನೀರು ತಾಕುವಂತೆ ಇದ್ದವು ಕೆಟ್ಟವು. ಈ ಹಳೆಯ ವಾದ ಇನ್ನೂ ಪೂರ್ತಿ ನಿಂತಿಲ್ಲ: ತೆಂಗು ತಾನೇ ತೇಲಿ ಹೋಯಿತೋ, ದೋಣಿಯವರು ಒಯ್ದರೋ?

ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವನು ಹ್ಯೂ ಹ್ಯಾರೀಸ್. 1978ರಲ್ಲಿ ಅವನು ತೆಂಗನ್ನು ಎರಡು ಬಗೆ ಮಾಡಿದ. ಹೆಸರುಗಳನ್ನು ಸಮೋವಾ ದ್ವೀಪದವರಿಂದ ತೆಗೆದುಕೊಂಡ. ‘ನಿಯು ಕಫ’ ಅಂದರೆ ಉದ್ದನೆಯ, ಮೂರು ಏಣಿನ, ದಪ್ಪ ಮಟ್ಟೆಯ ಕಾಯಿ. ನಿಧಾನಕ್ಕೆ ಮೊಳೆಯುತ್ತದೆ, ಕಡಲಿಗೆ ಹೇಳಿ ಮಾಡಿಸಿದ್ದು. ‘ನಿಯು ವಾಯಿ’ ಗುಂಡನೆಯದು, ಮಟ್ಟೆ ತೆಳು, ನೀರು ಹೆಚ್ಚು, ಬೇಗ ಮೊಳೆಯುತ್ತದೆ. ಕುಡಿಯುವುದಕ್ಕೆ ಬೇಕೆಂದು ಮನುಷ್ಯ ಆರಿಸಿ ಆರಿಸಿ ಬೆಳೆಸಿದ್ದು. ಇದನ್ನು ಕೇಳಿದ ಕೂಡಲೇ ನನ್ನ ವ್ಯಾಪಾರಿ ಶಿಷ್ಯ ಒಪ್ಪಿದ: ‘ಮಟ್ಟೆ ದಪ್ಪ ಇದ್ರೆ ಲಾರೀಗ್ ಭಾರ, ಗಿರಾಕೀಗ್ ನೀರ್ ಕಮ್ಮಿ. ಅಂಥದ್ನ ಯಾರ್ ತಗಂಡರು ಸಾ?’ ಮದ್ದೂರಿನ ಮಾರುಕಟ್ಟೆ ಬಯಸುವ ಗುಣಗಳೆಲ್ಲ ಕಡಲಿನಲ್ಲಿ ಸೋಲುವ ಗುಣಗಳು. ಎಳನೀರಿಗೆಂದು ಈಚೆಗೆ ಹಾಕುತ್ತಿರುವ ಗಿಡ್ಡ ತಳಿಗಳನ್ನು ಸಮುದ್ರಕ್ಕೆ ಬಿಟ್ಟರೆ ದೂರ ಹೋಗುವ ಮೊದಲೇ ಮೊಳೆತು ಹಾಳಾಗುತ್ತವೆ. ಅವಕ್ಕೆ ಲಾರಿಯೇ ಗತಿ.

2011ರಲ್ಲಿ ಬೀ ಗನ್, ಲುಕ್ ಬೋದ್ವಾ, ಕೆನೆತ್ ಓಲ್ಸನ್ ಲೋಕದ ನಾನಾ ಕಡೆಯ ಸಾವಿರಕ್ಕೂ ಹೆಚ್ಚು ತೆಂಗಿನ ಮರಗಳ ಡಿಎನ್‌ಎ ನೋಡಿದರು. ಮನುಷ್ಯರು ತೆಂಗನ್ನು ಪಳಗಿಸಿದ್ದು ಎರಡು ಬೇರೆ ಬೇರೆ ಕಡೆ ಎಂದು ಗೊತ್ತಾಯಿತು: ಒಂದು ಪೆಸಿಫಿಕ್ ಸೀಮೆಯಲ್ಲಿ, ಇನ್ನೊಂದು ಹಿಂದೂ ಮಹಾಸಾಗರದ ನಮ್ಮ ದಕ್ಷಿಣ ತುದಿಯ ಆಸುಪಾಸು, ಅಂದರೆ ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪದ ಕಡೆ. ಮಡಗಾಸ್ಕರಿನಲ್ಲಿ ಎರಡೂ ಬೆರೆತಿವೆ; ಬೆರೆಸಿದ್ದು ಹಡಗಿನವರು. ಅಂದರೆ ಸುತ್ತಮುತ್ತಲ ದ್ವೀಪಗಳಿಗೆ ತೆಂಗು ತಾನೇ ಹೋಗಿರಬಹುದು, ಮಹಾಸಾಗರಗಳನ್ನು ದಾಟಿಸಿದ್ದು ಮಾತ್ರ ಮನುಷ್ಯನೇ. ಅಟ್ಲಾಂಟಿಕ್ಕಿನ ಕೆರಿಬಿಯನ್ ಕಡೆ ತೆಂಗು ಕಂಡದ್ದೇ ಪೋರ್ಚುಗೀಸರು ಇತ್ತ ಕಡೆ ಬಂದುಹೋದ ಮೇಲೆ.

ನಮ್ಮ ಸಮುದ್ರಕ್ಕೆ ಒಂದು ವಿಶೇಷ ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಟ್ಲಾಂಟಿಕ್ಕಿನ ಪ್ರವಾಹ ವರ್ಷವಿಡೀ ಒಂದೇ ದಿಕ್ಕಿಗೆ ಹರಿಯುತ್ತದೆ. ಉತ್ತರ ಹಿಂದೂ ಮಹಾಸಾಗರದ್ದು ಮುಂಗಾರಿಗೆ ಒಂದು ದಿಕ್ಕು, ಚಳಿಗಾಲಕ್ಕೆ ಇನ್ನೊಂದು. ಕಾರವಾರ, ಮಂಗಳೂರಿನ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ನೀರು ದಕ್ಷಿಣಕ್ಕೆ ಹೋಗುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. ಉಳ್ಳಾಲದಲ್ಲಿ ಜುಲೈನಲ್ಲಿ ನೀರಿಗೆ ಬಿದ್ದ ಕಾಯಿ ಕೇರಳದ ಕಡೆ, ಡಿಸೆಂಬರಿನಲ್ಲಿ ಬಿದ್ದದ್ದು ಗೋಕರ್ಣದ ಕಡೆ. ನಡುವೆ ಅಲೆ ದಡಕ್ಕೆ ಎಸೆಯದಿದ್ದರೆ, ಅಷ್ಟೇ.

ತೇಲುವ ಗುಣಕ್ಕೆ ಪೂರ್ತಿ ಮಾರ್ಕು ಕೊಡಬಹುದಾದದ್ದು ನಮ್ಮ ಹಿತ್ತಲಿನ ಸೋರೆ. ಬಾವಿಯಲ್ಲಿ, ನಾಲೆಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡವರು ನನ್ನ ವಯಸ್ಸಿನವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೋರೆಯ ಮೂಲ ಆಫ್ರಿಕಾ. ಆದರೆ ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ವರ್ಷ ಹಳೆಯ ಸೋರೆಬುರುಡೆಯ ಚೂರು ಸಿಕ್ಕಿವೆ, ಕೊಲಂಬಸ್ ಹುಟ್ಟುವುದಕ್ಕೆ ಎಷ್ಟೋ ಮುಂಚಿನವು. ಹೋದದ್ದು ಹೇಗೆ? 1954ರಲ್ಲಿ ಥಾಮಸ್ ವಿಟೇಕರ್, ಜಾರ್ಜ್ ಕಾರ್ಟರ್ ಬುರುಡೆಗಳನ್ನು ಏಳು ತಿಂಗಳು ಕಡಲ ನೀರಿನಲ್ಲಿ ಬಿಟ್ಟು ನೋಡಿದರು, ಬೀಜ ಮೊಳೆತವು. 2014ರ ಡಿಎನ್‌ಎ ಅಧ್ಯಯನ ಆ ಹಳೆಯ ಚೂರುಗಳಿಗೆ ಆಫ್ರಿಕಾದ ನಂಟು ತೋರಿಸಿತು. ತೇಲಿಯೇ ಹೋಗಿವೆ.

ತೇಲಿದ್ದೆಲ್ಲ ಬದುಕಿದ್ದು ಎನ್ನುವಂತಿಲ್ಲ ಎಂಬುದಕ್ಕೆ ಸನ್ಯಾಸಿಗಳ ಕೈಯ ಕಪ್ಪು ಕಮಂಡಲು ನೋಡಬೇಕು. ಎಲ್ಲವೂ ಅಲ್ಲ, ಕೆಲವು, ಕಡಲ ತೆಂಗಿನ ಚಿಪ್ಪಿನಿಂದ ಆದವು. ಎರಡು ಕಾಯಿ ಜೋಡಿಸಿದಂಥ ಆಕಾರ, 25 ಕಿಲೋವರೆಗೂ ತೂಗುತ್ತದೆ, ಸಸ್ಯಲೋಕದಲ್ಲೇ ದೊಡ್ಡ ಬೀಜ. ಮಾಲ್ಡೀವ್ಸಿನ ದಡಕ್ಕೂ ನಮ್ಮ ದಡಕ್ಕೂ ಬಂದು ಬೀಳುತ್ತಿತ್ತು. ಮರ ಎಲ್ಲಿದೆ ಅಂತ ಯಾರಿಗೂ ತಿಳಿಯದು. ಸಮುದ್ರದ ತಳದಲ್ಲಿ ಮರ ಇದೆ ಎಂದು ಕಥೆ ಹುಟ್ಟಿತು. ಮಾಲ್ಡೀವ್ಸಿನಲ್ಲಿ ಸಿಕ್ಕವರು ಅದನ್ನು ರಾಜನಿಗೆ ಒಪ್ಪಿಸಬೇಕಿತ್ತು. 1768ರಲ್ಲಿ ಫ್ರೆಂಚರು ಸೇಶೆಲ್ಸ್‌ನ ಪ್ರಾಲಿನ್ ದ್ವೀಪದಲ್ಲಿ ಮರವನ್ನು ಕಂಡರು. ಆ ಮರ ಕಾಡಾಗಿ ಇರುವುದು ಸೇಶೆಲ್ಸ್‌ನ ಒಂದೆರಡು ದ್ವೀಪಗಳಲ್ಲಿ ಮಾತ್ರ. ಏಕೆಂದರೆ ಅದರ ಜೀವಂತ ಕಾಯಿ ನೀರಿಗೆ ಬಿದ್ದರೆ ಮುಳುಗಿ ಸಾಯುತ್ತದೆ. ಒಳಗೆಲ್ಲ ಕೊಳೆತು ಟೊಳ್ಳಾದ ಮೇಲೆಯೇ ಮೇಲೆದ್ದು ತೇಲುವುದು. ಶತಮಾನಗಳ ಕಾಲ ನಮ್ಮ ದಡಕ್ಕೆ ಬಂದದ್ದು ಬರೀ ಸತ್ತ ಚಿಪ್ಪು.

ಇದಕ್ಕೆ ತದ್ವಿರುದ್ಧ ಕ್ರಾಕಟೌ. 1883ರ ಆಗಸ್ಟಿನಲ್ಲಿ ಆ ಜ್ವಾಲಾಮುಖಿ ಸಿಡಿದು ದ್ವೀಪದ ಮೇಲೆ ಬೂದಿ ಬಿಟ್ಟು ಏನೂ ಉಳಿಯಲಿಲ್ಲ. ಮೂರು ವರ್ಷದ ಮೇಲೆ 1886ರಲ್ಲಿ ಮೆಲ್ಕಿಯೋರ್ ಟ್ರೂಬ್ ಹೋಗಿ ನೋಡಿದಾಗ ಒಳನಾಡಿನಲ್ಲಿ ಗಾಳಿ ತಂದ ಜರಿಗಿಡ, ಕಡಲಂಚಿನಲ್ಲಿ ನೀರು ತಂದ ಗಿಡಗಳು ಆಗಲೇ ಬೇರು ಬಿಟ್ಟಿದ್ದವು. ಬಿಸಿಲು, ಮಳೆ, ಖಾಲಿ ಜಾಗ ಮೂರೂ ಇದ್ದರೆ ಕಡಲ ಬೀಜಕ್ಕೆ ಅಷ್ಟು ಸಾಕು.

ಗಜ್ಜುಗಕ್ಕೆ ಮದ್ದೂರು, ಮಳವಳ್ಳಿಯಲ್ಲಿ ಬಿಸಿಲೂ ಇದೆ, ಮಳೆಯೂ ಇದೆ, ಜಾಗ ಹೋಗುತ್ತಿದೆ. ಹೊಲಗಳಿಗೆ ತಂತಿ ಬೇಲಿ ಬಂತು, ಹಂದಿ ಕಾಟಕ್ಕೆ ಸೋಲಾರ್ ಬೇಲಿ ಬಂತು, ಜೆಸಿಬಿ ಒಂದು ಬೆಳಗಿನಲ್ಲಿ ಹಳೆಯ ಬೇಲಿಯನ್ನು ಬುಡಸಮೇತ ತೆಗೆಯುತ್ತದೆ. ರೈತರನ್ನು ದೂರುವಂತಿಲ್ಲ, ಆ ಮುಳ್ಳಿನ ಜೊತೆ ಬಾಳುವ ಕಷ್ಟ ನನಗೂ ಗೊತ್ತು. ಆದರೂ ಒಂದು ಮಾತು. ನಿಮ್ಮ ಅಟ್ಟದ ಮೇಲೆ ಅಜ್ಜಿಯ ಅಳಗುಳಿ ಮಣೆ ಇದ್ದರೆ, ಜೊತೆಯ ಡಬ್ಬಿಯಲ್ಲಿ ಗಜ್ಜುಗ ಉಳಿದಿದ್ದರೆ, ಎಸೆಯಬೇಡಿ. ಎಷ್ಟೇ ಹಳೆಯದಾಗಿ ಕಂಡರೂ ಒಂದು ಕೈ ನೋಡಿ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ. ಬೂದು ಬಣ್ಣ ಹೋಗಿ ಒಳಪದರ ಕಂಡ ಕೂಡಲೇ ನಿಲ್ಲಿಸಿ. ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಗ್ಗೆ ಉಬ್ಬಿದ್ದರೆ ನೀರು ಒಳಗೆ ಇಳಿದಿದೆ ಅಂತ ಲೆಕ್ಕ. ಜಮೀನಿನ ಮೂಲೆಯ ಬೇಲಿ ಸಾಲಿಗೆ ಊರಿ, ಮೊದಲ ಬೇಸಿಗೆ ಒಂದಿಷ್ಟು ನೀರು ಕಾಣಿಸಿ. ಮನೆ ಬಾಗಿಲ ಹತ್ತಿರ ಮಾತ್ರ ಹಾಕಬೇಡಿ. ನೆಂಟರ ಸೀರೆ ಹರಿದರೆ ನಾನು ಜವಾಬ್ದಾರನಲ್ಲ.